ಬೇರೆ ಕಂಪನಿಯ ಬ್ಯಾಟರಿ ಹಾಕಿದ್ದಕ್ಕೆ ಲ್ಯಾಪ್‌ಟಾಪ್ ಚಾರ್ಜೇ ಆಗುತ್ತಿಲ್ಲ, ಏನಾದರೂ ದಾರಿ ಉಂಟಾ?

ಮಳೆಗಾಲದ ಮೇಷ್ಟ್ರು:

ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಸಾಗರ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು. ಪೇಟೆಯಿಂದ ನಮ್ಮೂರು ಮೂವತ್ತು ಕಿಲೋಮೀಟರ್ ಒಳಗೆ. ಪುನರ್ವಸು ಮಳೆ ಹಿಡಿಯಿತೆಂದರೆ ಎಲ್ಲೋ ಒಂದು ಕಡೆ ಮರ ಲೈನಿನ ಮೇಲೆ ಬೀಳುತ್ತದೆ, ಎರಡು ದಿನ, ಮೂರು ದಿನ ಕರೆಂಟು ಇರುವುದಿಲ್ಲ. ಪಕ್ಕದ ಮನೆಯವರ ಇನ್ವರ್ಟರಿನಲ್ಲಿ ಒಂದು ಗಂಟೆ ಚಾರ್ಜ್ ಮಾಡಿಕೊಂಡು ಬಂದು, ಆ ಚಾರ್ಜಿನಲ್ಲೇ ಮಕ್ಕಳ ಅಂಕ, ಹಾಜರಿ, ಮರುದಿನದ ಪಾಠದ ಚಿತ್ರಗಳು ಎಲ್ಲ ಮುಗಿಸಬೇಕು. ಪೇಟೆಯವರಿಗೆ ಲ್ಯಾಪ್‌ಟಾಪಿನ ಬ್ಯಾಟರಿ ಹೋದರೆ ವೈರ್ ಸಿಕ್ಕಿಸಿಕೊಂಡು ಕೂತರೆ ಆಯಿತು. ನಮಗೆ ಬ್ಯಾಟರಿ ಹೋದರೆ ಲ್ಯಾಪ್‌ಟಾಪೇ ಹೋದ ಹಾಗೆ.

2016ರಲ್ಲಿ 46,000 ರೂಪಾಯಿ ಕೊಟ್ಟು ತೆಗೆದುಕೊಂಡ ಲ್ಯಾಪ್‌ಟಾಪ್. ಕಂಪನಿಯ ಹೆಸರು ಬೇಡ, ನನ್ನ ಜಗಳ ಒಂದು ಕಂಪನಿಯ ಜೊತೆ ಮಾತ್ರ ಅಲ್ಲ. ಕೆಳಗಡೆ ಎರಡು ಚಿಲಕ ಜಾರಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಅದನ್ನು ನೋಡಿಯೇ ನಾನು ಈ ಮಾಡೆಲ್ ಆರಿಸಿದ್ದು. ಶುರುವಿನಲ್ಲಿ ನಾಲ್ಕು ಗಂಟೆ ಬರುತ್ತಿತ್ತು. ಆರೇಳು ವರ್ಷಕ್ಕೆ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಅದಕ್ಕೆ ನನ್ನ ಬೇಸರವಿಲ್ಲ, ಬ್ಯಾಟರಿ ಸವೆಯುವ ವಸ್ತು.

ಕಂಪನಿಯ ಸರ್ವಿಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ. ಹೋದೆ. ‘ಈ ಮಾಡೆಲಿನ ಬ್ಯಾಟರಿ ಈಗ ಬರುವುದಿಲ್ಲ ಸಾರ್, ಹೊಸ ಲ್ಯಾಪ್‌ಟಾಪ್ ನೋಡಿ’ ಎಂದರು. ಬರೆದು ಕೊಡಿ ಎಂದೆ, ಕೊಡಲಿಲ್ಲ. ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಬೇರೆ ಕಂಪನಿಯ ಬ್ಯಾಟರಿ 2,400 ರೂಪಾಯಿಗೆ ಸಿಕ್ಕಿತು. ಬಿಲ್ ಇದೆ. ಹತ್ತು ತಿಂಗಳು ಒಂದೂ ತಕರಾರಿಲ್ಲದೆ ನಡೆಯಿತು, ಮೂರು ಗಂಟೆ ಬರುತ್ತಿತ್ತು.

ಕಳೆದ ತಿಂಗಳು ಒಂದು ರಾತ್ರಿ ಲ್ಯಾಪ್‌ಟಾಪ್ ತಾನಾಗಿ ಅಪ್‌ಡೇಟ್ ಮಾಡಿಕೊಂಡಿತು. ಪರದೆ ಕಪ್ಪಾಗಿ, ಬಯೋಸ್ ಬದಲಾಗುತ್ತಿದೆ, ಆಫ್ ಮಾಡಬೇಡಿ ಎಂದು ಬಂತು. ಬಯೋಸ್ ಎಂದರೆ ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಮೊದಲು ನಡೆಯುವ ಮೂಲ ಸಾಫ್ಟ್‌ವೇರ್. ಬೆಳಿಗ್ಗೆ ಆನ್ ಮಾಡಿದರೆ, ಈ ಬ್ಯಾಟರಿಯನ್ನು ಗುರುತಿಸಲಾಗುತ್ತಿಲ್ಲ, ಇದನ್ನು ಚಾರ್ಜ್ ಮಾಡುವುದಿಲ್ಲ ಎಂಬ ಸಂದೇಶ. ಒಳಗೆ ಉಳಿದಿದ್ದ ಚಾರ್ಜು ಮುಗಿಯುವವರೆಗೆ ನಡೆಯಿತು, ಆಮೇಲೆ ನಿಂತಿತು. ಹಳೆಯ, ಸತ್ತ, ಕಂಪನಿಯದೇ ಬ್ಯಾಟರಿ ಹಾಕಿದರೆ ಸಂದೇಶ ಬರುವುದಿಲ್ಲ, ಚಾರ್ಜು ಹತ್ತುತ್ತದೆ, ಇಪ್ಪತ್ತು ನಿಮಿಷ ಬರುತ್ತದೆ. ಅಂದರೆ ಚಾರ್ಜಿಂಗ್ ಭಾಗ ಸರಿ ಇದೆ. ಹೊಸ ಬ್ಯಾಟರಿಯೂ ಹಿಂದಿನ ರಾತ್ರಿವರೆಗೆ ಸರಿ ಇತ್ತು. ಕೆಟ್ಟಿದ್ದು ಯಾವುದೂ ಅಲ್ಲ, ನಿಲ್ಲಿಸಿದ್ದು.

ನಮ್ಮ ಅಪ್ಪಯ್ಯನ ಹತ್ತಿರ ಮೂರು ಸೆಲ್ಲಿನ ಟಾರ್ಚ್ ಇತ್ತು. ರಾತ್ರಿ ತೋಟಕ್ಕೆ ಹೋಗಲು ಅದೇ ಗತಿ. ಎವರೆಡಿ ಸಿಕ್ಕಿದರೆ ಎವರೆಡಿ, ನಿಪ್ಪೋ ಸಿಕ್ಕಿದರೆ ನಿಪ್ಪೋ, ಒಮ್ಮೊಮ್ಮೆ ಎರಡು ಅದು, ಒಂದು ಇದು. ಟಾರ್ಚು ಮಾಡಿದವನು ಯಾರೆಂದು ಸೆಲ್ ಕೇಳಲಿಲ್ಲ, ಸೆಲ್ ಮಾಡಿದವನು ಯಾರೆಂದು ಟಾರ್ಚೂ ಕೇಳಲಿಲ್ಲ. ನಾನು ಮಕ್ಕಳಿಗೆ ವಿದ್ಯುತ್ ಕೋಶದ ಪಾಠ ಮಾಡುವಾಗ ಧನ ಧ್ರುವ, ಋಣ ಧ್ರುವ, ವೋಲ್ಟೇಜ್ ಸರಿ ಇದ್ದರೆ ಮಂಡಲ ಪೂರ್ಣವಾಗುತ್ತದೆ ಎಂದು ಹೇಳುತ್ತೇನೆ. ನನ್ನ ಮೇಜಿನ ಮೇಲೆ ಅದು ಸುಳ್ಳಾಗಿದೆ.

ತಿಳಿದವರು ಹೇಳಿ: ಲ್ಯಾಪ್‌ಟಾಪಿಗೆ ಇದು ಬೇರೆ ಬ್ಯಾಟರಿ ಎಂದು ಹೇಗೆ ಗೊತ್ತಾಗುತ್ತದೆ? ಇದರಿಂದ ಹೊರಬರಲು ದಾರಿ ಇದೆಯಾ? ದುಡ್ಡು ಕೊಟ್ಟು ಕೊಂಡ ಮೇಲೆ ಹೀಗೆ ಮಾಡಲು ಅವರಿಗೆ ಹಕ್ಕು ಇದೆಯಾ?

ಎಸ್‌ಪಿ ರೋಡ್ ಬೆಂಚು:

ಮೇಷ್ಟ್ರೇ, ಹತ್ತೊಂಬತ್ತು ವರ್ಷದಿಂದ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಲ್ಯಾಪ್‌ಟಾಪು, ಫೋನು ರಿಪೇರಿ ಮಾಡ್ತಿದೀನಿ. ನಿಮ್ಮ ಥರದ ಕೇಸು ವಾರಕ್ಕೆ ಎರಡಾದ್ರೂ ಬರುತ್ತೆ. ಅದಕ್ಕೇ ಬಿಡಿಸಿ ಹೇಳ್ತೀನಿ.

ನಿಮ್ಮ ಬ್ಯಾಟ್ರಿ ಪ್ಯಾಕಿನ ಪ್ಲಾಸ್ಟಿಕ್ ಬಿಚ್ಚಿದ್ರೆ ಒಳಗೆ ಆರು ಸೆಲ್ಲು ಇರುತ್ತೆ. 18650 ಅಂತಾರೆ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ನಿಮ್ಮ ಅಪ್ಪನ ಟಾರ್ಚಿನ ಸೆಲ್ಲಿನ ಹಾಗೆ ಇದೂ ಇಡೀ ಪ್ರಪಂಚಕ್ಕೆ ಒಂದೇ ಅಳತೆ. ಹೆಚ್ಚಿನ ಕಂಪನಿಗಳ ಲ್ಯಾಪ್‌ಟಾಪಲ್ಲಿ ಒಳಗಿನ ಸೆಲ್ಲು ಮಾಡೋರು ಬೇರೆಯವರೇ, ಪ್ಯಾನಾಸಾನಿಕ್, ಸ್ಯಾಮ್‌ಸಂಗ್, ಎಲ್‌ಜಿ ಹೀಗೆ. ಎರಡೆರಡು ಸೆಲ್ಲು ಜೋಡಿ ಮಾಡಿ, ಅಂಥ ಮೂರು ಜೋಡಿ ಸಾಲಾಗಿ ಕೂಡಿಸಿರ್ತಾರೆ. ಪ್ಯಾಕಿನ ಮೇಲೆ 10.8 ವೋಲ್ಟ್, 48 ವ್ಯಾಟ್-ಅವರ್ ಅಂತ ಬರೆದಿರಬೇಕು, ನೋಡಿ.

ಸೆಲ್ಲಿಗೆ ಬೀಗ ಇಲ್ಲ. ಬೀಗ ಇರೋದು ಸೆಲ್ಲಿನ ಪಕ್ಕದಲ್ಲಿರೋ ಬೆರಳಗಲದ ಬೋರ್ಡಲ್ಲಿ. ನಾವು ಬಿಎಂಎಸ್ ಅಂತೀವಿ. ಅದರ ಮೇಲೆ ಒಂದು ಗೇಜ್ ಚಿಪ್ಪು ಇರುತ್ತೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನೀದೇ ಹೆಚ್ಚು. ಎಷ್ಟು ಚಾರ್ಜ್ ಇದೆ, ಎಷ್ಟು ಸಲ ಚಾರ್ಜ್ ಆಗಿದೆ, ಬಿಸಿ ಎಷ್ಟು, ಎಲ್ಲಾ ಲೆಕ್ಕ ಅದು ಇಡುತ್ತೆ. ಕನೆಕ್ಟರಲ್ಲಿ ಪ್ಲಸ್ಸು ಮೈನಸ್ಸು ಬಿಟ್ಟು ಇನ್ನೆರಡು ಸಣ್ಣ ಪಿನ್ನು ಇರುತ್ತಲ್ಲ, ಕ್ಲಾಕು ಮತ್ತು ಡೇಟಾ, ಅದರ ಮೂಲಕ ಲ್ಯಾಪ್‌ಟಾಪಿನ ಜೊತೆ ಮಾತಾಡುತ್ತೆ.

ಈಗ ಬೀಗದ ವಿಷಯ. ಲ್ಯಾಪ್‌ಟಾಪ್ ಬೋರ್ಡಲ್ಲಿ ಎಂಬೆಡೆಡ್ ಕಂಟ್ರೋಲರ್ ಅಂತ ಒಂದು ಚಿಪ್ಪಿದೆ. ಬ್ಯಾಟ್ರಿ ಸಿಕ್ಕಿಸಿದ ತಕ್ಷಣ ಅದು ಒಂದು ಸಂಖ್ಯೆ ಕಳಿಸುತ್ತೆ, ಪ್ರತಿ ಸಲ ಬೇರೆ ಬೇರೆ. ಬ್ಯಾಟ್ರಿ ಚಿಪ್ಪು ತನ್ನೊಳಗೆ ಅಡಗಿಸಿಟ್ಟಿರೋ ಗುಟ್ಟಿನ ಕೀಲಿ ಜೊತೆ ಆ ಸಂಖ್ಯೆ ಸೇರಿಸಿ, ಶಾ-1 ಅನ್ನೋ ಲೆಕ್ಕ ಹಾಕಿ, ಬಂದ ಉತ್ತರ ವಾಪಸ್ ಕಳಿಸುತ್ತೆ. ಲ್ಯಾಪ್‌ಟಾಪೂ ಅದೇ ಲೆಕ್ಕ ಹಾಕಿರುತ್ತೆ. ಎರಡೂ ಒಂದೇ ಆದ್ರೆ ಚಾರ್ಜಿಂಗ್ ಶುರು, ಇಲ್ಲಾಂದ್ರೆ ಇಲ್ಲ. ಕೀಲಿ ಯಾವತ್ತೂ ವೈರಲ್ಲಿ ಓಡಾಡಲ್ಲ. ಹಾಗಾಗಿ ಕದ್ದು ಕೇಳಿಸ್ಕೊಂಡು ನಕಲು ಮಾಡೋಕೂ ಆಗಲ್ಲ. ನಿಮ್ಮ 2,400 ರೂಪಾಯಿ ಬ್ಯಾಟ್ರಿ ಕಂಪನಿ ಹೆಸರು, ಮಾಡೆಲ್ ನಂಬರು ಅಷ್ಟೇ ಸರಿಯಾಗಿ ಹೇಳುತ್ತೆ. ಹಳೇ ಬಯೋಸಿಗೆ ಅಷ್ಟು ಸಾಕಾಗಿತ್ತು. ಹೊಸದು ಕೀಲೀನೂ ಕೇಳ್ತಿದೆ.

ಇದು ಹೊಸ ವಿದ್ಯೆ ಏನಲ್ಲ. 2009ರಲ್ಲೇ ಪ್ಯಾನಾಸಾನಿಕ್ ತನ್ನ ಲೂಮಿಕ್ಸ್ ಕ್ಯಾಮೆರಾಗಳಿಗೆ ಒಂದು ಅಪ್‌ಡೇಟ್ ಕೊಟ್ಟು ಹೊರಗಿನ ಬ್ಯಾಟ್ರಿ ನಿಲ್ಲಿಸಿತ್ತು, ಸುರಕ್ಷತೆ ಅಂತ ಕಾರಣ ಹೇಳಿತ್ತು. 2012ರ ಲೆನೊವೊ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳು, ಎಕ್ಸ್230, ಟಿ430 ಇವೆಲ್ಲ, ತಮ್ಮ ಪಟ್ಟಿಯಲ್ಲಿಲ್ಲದ ಬ್ಯಾಟ್ರಿ ಚಾರ್ಜ್ ಮಾಡಲ್ಲ. ಅದರ ಕಂಟ್ರೋಲರಿನ ಸಾಫ್ಟ್‌ವೇರ್ ತಿದ್ದಿ ಬೀಗ ತೆಗೆಯೋದನ್ನ ಬಳಕೆದಾರರೇ ಕಂಡುಹಿಡಿದು ಎಲ್ಲರಿಗೂ ಹಂಚಿದಾರೆ. ಆದ್ರೆ ಅದು ಆ ಮಾಡೆಲ್‌ಗಳಿಗೆ ಮಾತ್ರ. ಬೇರೆ ಯಂತ್ರಕ್ಕೆ ಹಾಕೋಕೆ ಹೋದ್ರೆ ಬೋರ್ಡೇ ಸತ್ತುಹೋಗುತ್ತೆ. ಪ್ರಯೋಗ ಬೇಡ.

ನೀವು ಮೊದಲು ಮಾಡಬೇಕಾದ್ದು ಬಯೋಸನ್ನ ಹಿಂದಿನ ವರ್ಷನ್‌ಗೆ ಇಳಿಸೋಕೆ ಆಗುತ್ತಾ ನೋಡೋದು. ಕೆಲವು ಮಾಡೆಲ್ ಬಿಡುತ್ತೆ, ಕೆಲವು ಬಿಡಲ್ಲ. ಆಮೇಲೆ ಹಳೇ ಕಂಪನಿ ಬ್ಯಾಟ್ರಿ ಹಾಕಿ, ವಿಂಡೋಸಲ್ಲಿ ಬ್ಯಾಟ್ರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯ ಎಷ್ಟು, ಈಗ ತುಂಬೋದು ಎಷ್ಟು ಅಂತ ಇಲ್ಲಿ ಹಾಕಿ. ಆ ಹಳೇ ಪ್ಯಾಕ್ ಬಿಸಾಕಬೇಡಿ. ಕೀಲಿ ಇರೋದು ಅದರ ಬೋರ್ಡಲ್ಲೇ.

ಪೀಣ್ಯ ಲ್ಯಾಬ್:

ನಾನು ಬ್ಯಾಟರಿಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಇಲ್ಲಿ ಯಾರೂ ಹೇಳದ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಕಂಪನಿಗಳ ಭಯ ಪೂರ್ತಿ ನಾಟಕ ಅಲ್ಲ.

ಲಿಥಿಯಂ ಸೆಲ್ ಟಾರ್ಚಿನ ಸೆಲ್ ಅಲ್ಲ ಮೇಷ್ಟ್ರೇ. ಟಾರ್ಚಿನ ಸೆಲ್ ಕೆಟ್ಟರೆ ಸೋರುತ್ತದೆ. ಲಿಥಿಯಂ ಸೆಲ್ಲನ್ನು 4.2 ವೋಲ್ಟ್ ದಾಟಿಸಿ ತುಂಬಿದರೆ, ಅಥವಾ ಒಳಗಿನ ತೆಳು ಪೊರೆ ಎಲ್ಲಾದರೂ ಹರಿದರೆ, ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗುತ್ತಾ ಹೋಗುತ್ತದೆ. ಒಂದಕ್ಕೆ ಹತ್ತಿದ್ದು ಪಕ್ಕದ್ದಕ್ಕೂ ಹತ್ತುತ್ತದೆ. ನಮ್ಮಲ್ಲಿಗೆ ಬಂದ ಒಂದು ಪ್ಯಾಕಿನಲ್ಲಿ ಉಷ್ಣತೆ ಅಳೆಯುವ ಸೆನ್ಸರೇ ಇರಲಿಲ್ಲ. ಆ ಜಾಗದಲ್ಲಿ ಒಂದು ಮಾಮೂಲಿ ರೆಸಿಸ್ಟರ್ ಬೆಸುಗೆ ಹಾಕಿ, ಯಾವಾಗಲೂ 25 ಡಿಗ್ರಿ ಎಂದು ಲ್ಯಾಪ್‌ಟಾಪಿಗೆ ಸುಳ್ಳು ಹೇಳಿಸುತ್ತಿದ್ದರು. ಅದು ಮಕ್ಕಳಿರುವ ಮನೆಗೆ ಹೋಗುತ್ತಿತ್ತಲ್ಲ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆನ್‌ಲೈನಿನಲ್ಲಿ 9,800 ಎಂಎಎಚ್ ಎಂದು ಬರೆದ 18650 ಸೆಲ್ ಮಾರುತ್ತಾರೆ. ಆ ಅಳತೆಯ ಸೆಲ್ಲಿನಲ್ಲಿ ಒಳ್ಳೆಯ ತಯಾರಕರು ತುಂಬಬಲ್ಲದ್ದು ಸುಮಾರು 3,500. ಹಳೆಯ ಪ್ಯಾಕುಗಳಿಂದ ಕಿತ್ತ ಸೆಲ್ಲಿಗೆ ಹೊಸ ಬಣ್ಣದ ಕವರ್ ಸುತ್ತಿ ಮಾರುವುದೂ ಉಂಟು.

ಹಾಗಂತ ಬೀಗವನ್ನು ನಾನು ಒಪ್ಪುತ್ತೇನೆಯೇ? ಒಪ್ಪುವುದಿಲ್ಲ. ಶಾ-1 ಲೆಕ್ಕಕ್ಕೆ ಸರಿಯಾದ ಉತ್ತರ ಕೊಟ್ಟ ಬ್ಯಾಟರಿ ಕಂಪನಿಯದು ಎಂದು ಗೊತ್ತಾಗುತ್ತದೆ, ಅದು ಸುರಕ್ಷಿತ ಎಂದು ಗೊತ್ತಾಗುವುದಿಲ್ಲ. ಎರಡೂ ಬೇರೆ ಬೇರೆ ಸಂಗತಿ. 2016ರಲ್ಲಿ ಹೊತ್ತಿಕೊಂಡ ಗ್ಯಾಲಕ್ಸಿ ನೋಟ್ 7 ಫೋನುಗಳಲ್ಲಿ ಇದ್ದದ್ದು ಕಂಪನಿಯೇ ಹಾಕಿದ ಬ್ಯಾಟರಿ. ಇಬ್ಬರು ತಯಾರಕರಿಂದ ಬಂದಿತ್ತು, ಒಬ್ಬರದರಲ್ಲಿ ಮೂಲೆಯ ಎಲೆಕ್ಟ್ರೋಡ್ ಬಾಗಿತ್ತು, ಇನ್ನೊಬ್ಬರದರಲ್ಲಿ ಬೆಸುಗೆಯ ಮುಳ್ಳು ಉಳಿದಿತ್ತು ಎಂದು ಸ್ಯಾಮ್‌ಸಂಗ್ 2017ರ ಜನವರಿಯಲ್ಲಿ ತಾನೇ ಹೇಳಿತು. 2006ರಲ್ಲಿ ಸೋನಿ ಸೆಲ್ಲುಗಳಿದ್ದ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಡೆಲ್ ಒಂದೇ ಸಲಕ್ಕೆ ವಾಪಸ್ ಕರೆಸಿತ್ತು. ಆ ಬ್ಯಾಟರಿಗಳೂ ಅಸಲಿಯೇ.

ಸುರಕ್ಷತೆಗೆ ನಮ್ಮ ದೇಶದಲ್ಲಿ ಬೇರೆ ದಾರಿ ಆಗಲೇ ಇದೆ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಇಲ್ಲದೆ ಇಂಥ ಲಿಥಿಯಂ ಬ್ಯಾಟರಿ ಮಾರುವ ಹಾಗಿಲ್ಲ. ಮಾನದಂಡ ಐಎಸ್ 16046, ಭಾಗ 2. ಪ್ಯಾಕಿನ ಮೇಲೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿ ಆಗಿದೆ ಎಂದು ತೋರಿಸುತ್ತದೆ. ಮೇಷ್ಟ್ರೇ, ನಿಮ್ಮ ಪ್ಯಾಕಿನ ಮೇಲೆ ಅದು ಇದೆಯಾ? ಇದ್ದರೆ, ಸರ್ಕಾರದ ಮಾನದಂಡ ದಾಟಿ ಬಂದ ಬ್ಯಾಟರಿಯನ್ನು ನಿಮ್ಮ ಲ್ಯಾಪ್‌ಟಾಪ್ ಬೇಡ ಎನ್ನುತ್ತಿದೆ ಎಂದಾಯಿತು. ಇಲ್ಲದಿದ್ದರೆ ನಿಮ್ಮ ಮೊದಲ ಜಗಳ ಆ ಅಂಗಡಿಯ ಜೊತೆ.

ಮಳೆಗಾಲದ ಮೇಷ್ಟ್ರು:

ಇಬ್ಬರಿಗೂ ಧನ್ಯವಾದ. ಬಯೋಸ್ ಹಿಂದಕ್ಕೆ ಇಳಿಸಲು ನೋಡಿದೆ. ಭದ್ರತೆಯ ಕಾರಣಕ್ಕೆ ಹಳೆಯ ವರ್ಷನ್ ಹಾಕಲು ಬಿಡುವುದಿಲ್ಲ ಎಂದು ನಿಂತಿತು.

ಹಳೆಯ ಪ್ಯಾಕಿನ ರಿಪೋರ್ಟ್: ಮೂಲ ಸಾಮರ್ಥ್ಯ 47,520 ಮಿಲಿವ್ಯಾಟ್-ಅವರ್, ಈಗ ತುಂಬುವುದು 4,310. ಚಾರ್ಜ್ ಆದದ್ದು 644 ಸಲ.

ಹೊಸ ಪ್ಯಾಕಿನ ಮೇಲೆ ಆರ್ ಸಂಖ್ಯೆ ಇದೆ. ಆ್ಯಪಿನಲ್ಲಿ ಹಾಕಿ ನೋಡಿದೆ. ಪ್ಯಾಕಿನ ಮೇಲಿರುವ ತಯಾರಕರ ಹೆಸರೇ ಬಂತು, ನೋಂದಣಿ ಚಾಲ್ತಿಯಲ್ಲಿದೆ. ಹದಿನೈದು ನಿಮಿಷ ಆ ಪರದೆ ನೋಡುತ್ತಾ ಕೂತಿದ್ದೆ. ಪೀಣ್ಯದ ಮೇಡಂ ಹೇಳಿದ ಸುಳ್ಳು ರೆಸಿಸ್ಟರಿನ ವಿಷಯ ಓದಿದ ಮೇಲೆ ಕಂಪನಿಯ ಮೇಲಿನ ನನ್ನ ಸಿಟ್ಟು ಸ್ವಲ್ಪ ತಣ್ಣಗಾಗಿತ್ತು, ಸುಳ್ಳು ಹೇಳುವುದಿಲ್ಲ. ಈಗ ಮತ್ತೆ ಏರಿತು. ಚಾರ್ಜು ಮಾಡುವುದಿಲ್ಲ ಎನ್ನುವ ಬದಲು, ಇದು ನಾವು ಮಾಡಿದ್ದಲ್ಲ, ಜವಾಬ್ದಾರಿ ನಿಮ್ಮದು ಎಂದು ತೋರಿಸಿ ನನ್ನ ಒಪ್ಪಿಗೆ ಕೇಳಬಹುದಿತ್ತು. ನಾನು ಐವತ್ತೊಂದು ವರ್ಷದವನು, ಒಪ್ಪುವುದು ಬಿಡುವುದು ತಿಳಿಯುತ್ತದೆ.

ಫೋನುಗಳಲ್ಲೂ ಹೀಗೇನಾ? ಮಗಳ ಫೋನಿಗೆ ಬ್ಯಾಟರಿ ಹಾಕಿಸುವುದಿದೆ.

ಎಸ್‌ಪಿ ರೋಡ್ ಬೆಂಚು:

ಫೋನಿನ ಕಥೆ ಬೇರೆ ಮೇಷ್ಟ್ರೇ. ಹೆಚ್ಚಿನ ಆಂಡ್ರಾಯ್ಡ್ ಫೋನಲ್ಲಿ ಬೀಗ ಇಲ್ಲ, ಅಂಟು ಇರುತ್ತೆ ಅಷ್ಟೇ. ಐಫೋನಲ್ಲಿ ಚಾರ್ಜಿಂಗ್ ನಿಲ್ಲಲ್ಲ, ಆದ್ರೆ ಇದು ಅಸಲಿ ಅಂತ ಖಚಿತ ಮಾಡೋಕೆ ಆಗ್ತಿಲ್ಲ ಅಂತ ಬರುತ್ತೆ. 2019ರ ಆಗಸ್ಟಲ್ಲಿ ರಿಪೇರಿ ಮಾಹಿತಿ ಕೊಡೋ ಐಫಿಕ್ಸಿಟ್ ವೆಬ್‌ಸೈಟಿನವರು ಎಕ್ಸ್‌ಎಸ್ ಮಾಡೆಲ್ ಬಿಚ್ಚಿ ತೋರಿಸಿದ್ರು, ಒಂದು ಹೊಸ ಐಫೋನಿನ ಆ್ಯಪಲ್ ಬ್ಯಾಟ್ರೀನೇ ಕಿತ್ತು ಇನ್ನೊಂದಕ್ಕೆ ಹಾಕಿದ್ರೂ ಸರ್ವಿಸ್ ಅಂತಾನೇ ತೋರಿಸ್ತಿತ್ತು. ಬ್ಯಾಟ್ರಿ ಆ ಫೋನಿನ ಬೋರ್ಡಿಗೆ ಜೋಡಿ ಆಗಿತ್ತು. 2024ರಲ್ಲಿ ಐಓಎಸ್ 18 ಬಂದ ಮೇಲೆ ಆ್ಯಪಲ್‌ದೇ ಹಳೇ ಬ್ಯಾಟ್ರಿ ಇನ್ನೊಂದು ಫೋನಿಗೆ ಹಾಕಿದ್ರೆ ಒಪ್ಪಿಸೋ ದಾರಿ ಕೊಟ್ಟಿದಾರೆ. ಹೊರಗಿನ ಬ್ಯಾಟ್ರಿಗೆ ಇಲ್ಲ.

ಆ ಸಂದೇಶ ಬಂದ್ರೆ ಗಿರಾಕಿ ನನ್ನನ್ನ ಕಳ್ಳ ಅಂತಾನೆ. ಹಾಗಾಗಿ ಮಾರ್ಕೆಟ್ಟಲ್ಲಿ ಏನ್ ಮಾಡ್ತಾರೆ ಗೊತ್ತಾ? ಹಳೇ ಬ್ಯಾಟ್ರೀದು ಅಸಲಿ ಬೋರ್ಡು ಕತ್ತರಿಸಿ, ಹೊಸ ಸೆಲ್ಲಿಗೆ ಸ್ಪಾಟ್ ವೆಲ್ಡ್ ಮಾಡ್ತಾರೆ. ಅದಕ್ಕೇ ಅಂತ ವೆಲ್ಡಿಂಗ್ ಮಷಿನ್ನು, ಚಿಪ್ಪಿನ ಲೆಕ್ಕ ತಿದ್ದೋ ಪ್ರೋಗ್ರಾಮರ್ ಮಷಿನ್ನು ಎಲ್ಲಾ ಬಂದಿದೆ. ತುಂಬಿದ ಲಿಥಿಯಂ ಸೆಲ್ಲಿನ ಬಾಯಲ್ಲಿ ಕತ್ತರಿ ಆಡಿಸೋದು. ಕೈ ಜಾರಿದ್ರೆ ಬೆಂಕಿ. ನನ್ನ ಹತ್ರ ಕೆಲಸ ಕಲಿತ ಹುಡುಗನ ಎಡಗೈಯಲ್ಲಿ ಗುರುತು ಇದೆ ಇನ್ನೂ. ಬೀಗ ಇಲ್ದೇ ಹೋಗಿದ್ರೆ ಒಳ್ಳೇ ಹೊಸ ಬ್ಯಾಟ್ರಿ ಬೋರ್ಡ್ ಸಮೇತ ಹಾಕಿ, ಐದು ನಿಮಿಷದಲ್ಲಿ ಮುಗಿಸಿ ಕಳಿಸ್ತಿದ್ದೆ. ಸುರಕ್ಷತೆ ಅಂತ ಹೇಳಿ ತಂದ ಬೀಗ ಬೆಂಚಲ್ಲಿ ಕೂತ ಹುಡುಗರ ಕೈ ಸುಡ್ತಿದೆ. ಇದನ್ನ ಯಾರಾದ್ರೂ ಎಲ್ಲಾದ್ರೂ ಬರೀಬೇಕು ಅಂತ ಎಷ್ಟು ದಿನದಿಂದ ಅನ್ಕೊಂಡಿದ್ದೆ.

ನಿಮ್ಮ ಲ್ಯಾಪ್‌ಟಾಪಿಗೆ ದಾರಿ ಒಂದಿದೆ. ಹಳೇ ಕಂಪನಿ ಪ್ಯಾಕಿನ ಆರು ಸೆಲ್ ತೆಗೆದು ಹೊಸ ಒಳ್ಳೇ ಸೆಲ್ ಹಾಕೋದು, ಬೋರ್ಡ್ ಅದೇ ಉಳಿಸ್ಕೊಳ್ಳೋದು. ರೀಸೆಲ್ ಅಂತೀವಿ. ಸೆಲ್ ತೆಗೆಯುವಾಗ ಬೋರ್ಡಿಗೆ ಒಂದು ಕ್ಷಣ ವೋಲ್ಟೇಜ್ ತಪ್ಪಿದ್ರೂ ಕೆಲವು ಚಿಪ್ಪು ಶಾಶ್ವತ ಲಾಕ್ ಆಗುತ್ತೆ, ಆಮೇಲೆ ಅಸಲಿ ಬೋರ್ಡೂ ಇಲ್ಲ. ಆಮೇಲೆ ಗೇಜಿಗೆ ಹಳೇ ಲೆಕ್ಕ ಮರೆಸಿ ಹೊಸ ಲೆಕ್ಕ ಕಲಿಸಬೇಕು. ಗ್ಯಾರಂಟಿ ಕೊಡಲ್ಲ. ಬೇಕಾದ್ರೆ ತನ್ನಿ. ಆದ್ರೆ ಕೊರಿಯರ್ ಮಾಡಬೇಡಿ, ಲಿಥಿಯಂ ಹಂಗೆಲ್ಲ ಕಳಿಸೋ ವಸ್ತು ಅಲ್ಲ.

ಪೀಣ್ಯ ಲ್ಯಾಬ್:

ಬೆಂಚಿನವರೇ, ನಿಮ್ಮ ಹುಡುಗನ ಕೈ ವಿಷಯ ಓದಿ ಸಂಕಟವಾಯಿತು. ಈ ಕೋನದಿಂದ ನಾನು ಯೋಚಿಸಿರಲಿಲ್ಲ. ರೀಸೆಲ್ ಮಾಡುವುದಾದರೆ ಆರೂ ಸೆಲ್ ಒಂದೇ ತಯಾರಕರದು, ಒಂದೇ ಬ್ಯಾಚಿನದು ಆಗಿರಲಿ, ಜೋಡಿಸುವ ಮೊದಲು ಪ್ರತಿಯೊಂದರ ವೋಲ್ಟೇಜ್ ಅಳೆದು ಸರಿಹೊಂದಿಸಿ. ಸೆಲ್ಲಿಗೆ ನೇರ ಬೆಸುಗೆ ಕಡ್ಡಿ ತಾಗಿಸಬೇಡಿ. ಮೂಲದಲ್ಲಿದ್ದ ಉಷ್ಣತೆಯ ಸೆನ್ಸರ್ ಸೆಲ್ಲಿಗೆ ಅಂಟಿದಂತೆಯೇ ಮತ್ತೆ ಕೂರಲಿ. ನಿಮಗೆ ಗೊತ್ತಿರುತ್ತದೆ, ಓದುವ ಬೇರೆಯವರಿಗಾಗಿ ಬರೆದೆ. ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ.

ಹಿಲ್ಸ್‌ಬರೋ ಮೈಸೂರಿಗ:

ನಾನು ಮೈಸೂರಿನವನು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಚಿಪ್ ಕೆಲಸದಲ್ಲಿದ್ದೇನೆ, ಇಲ್ಲಿ ನಮ್ಮ ಕನ್ನಡದವರು ಬಹಳ ಜನ ಇದ್ದೇವೆ. ಮೇಷ್ಟ್ರು ಕೇಳಿದ ಹಕ್ಕಿನ ಪ್ರಶ್ನೆಗೆ ಒರೆಗಾನ್ ನೇರ ಉತ್ತರ ಕೊಟ್ಟಿದೆ. 2024ರ ಮಾರ್ಚಿನಲ್ಲಿ ಗವರ್ನರ್ ಟೀನಾ ಕೋಟೆಕ್ ಸಹಿ ಹಾಕಿದ ಕಾನೂನು, ಮಸೂದೆ ಸಂಖ್ಯೆ 1596. ಬಿಡಿಭಾಗವನ್ನು ಸಾಧನಕ್ಕೆ ಸಾಫ್ಟ್‌ವೇರಿನಲ್ಲಿ ಜೋಡಿ ಮಾಡಿ ಬೇರೆಯದನ್ನು ತಡೆಯುವುದನ್ನು ಅಮೆರಿಕದಲ್ಲಿ ಮೊದಲು ನಿಷೇಧಿಸಿದ್ದು ಇದೇ. ತಡೆಯುವ ಹಾಗಿಲ್ಲ, ಸಾಧನದ ಶಕ್ತಿ ಕುಗ್ಗಿಸುವ ಹಾಗಿಲ್ಲ, ದಾರಿ ತಪ್ಪಿಸುವ ಎಚ್ಚರಿಕೆ ತೋರಿಸುವ ಹಾಗಿಲ್ಲ. ಆ್ಯಪಲ್ ಶಾಸನಸಭೆಯಲ್ಲಿ ಇದನ್ನು ವಿರೋಧಿಸಿತ್ತು. ಜೋಡಿ ನಿಷೇಧ 2025ರ ಜನವರಿ 1ರ ನಂತರ ಹೊಸದಾಗಿ ತಯಾರಾದ ಸಾಧನಗಳಿಗೆ ಮಾತ್ರ, ಗೇಮ್ ಕನ್ಸೋಲಿನಂಥವಕ್ಕೆ ವಿನಾಯಿತಿ ಇದೆ. ನಿಮ್ಮ 2016ರ ಲ್ಯಾಪ್‌ಟಾಪ್ ಇಲ್ಲಿದ್ದರೂ ಅದಕ್ಕೆ ಅನ್ವಯಿಸುತ್ತಿರಲಿಲ್ಲ ಎನ್ನುವುದನ್ನು ಹೇಳಿಬಿಡಬೇಕು.

ಯುರೋಪಿನದು ಇನ್ನೂ ದೊಡ್ಡ ಹೆಜ್ಜೆ. ಅವರ 2023ರ ಬ್ಯಾಟರಿ ನಿಯಮದ 11ನೇ ವಿಧಿ 2027ರ ಫೆಬ್ರವರಿ 18ರಿಂದ ಜಾರಿ. ಬಳಸುವವನೇ ಬಿಚ್ಚಿ ಬದಲಿಸುವಂತೆ ಸಣ್ಣ ಬ್ಯಾಟರಿಗಳು ಇರಬೇಕು, ಹೊಂದಿಕೆಯಾಗುವ ಬೇರೆ ಬ್ಯಾಟರಿ ಹಾಕುವುದಕ್ಕೆ ಸಾಫ್ಟ್‌ವೇರಿನಿಂದ ಅಡ್ಡಿ ಮಾಡಬಾರದು ಎಂದು ಬರೆದೇ ಇದೆ. ಕೆಲವು ವಿನಾಯಿತಿಗಳಿವೆ. ಅಷ್ಟು ದೊಡ್ಡ ಮಾರುಕಟ್ಟೆಗೆ ಬೀಗವಿಲ್ಲದ ಮಾಡೆಲ್ ಮಾಡಲು ಬರುವ ಕಂಪನಿಗೆ ಸಾಗರಕ್ಕೂ ಅದೇ ಮಾಡೆಲ್ ಕಳಿಸಲು ಬರುತ್ತದೆ.

ಹುಬ್ಬಳ್ಳಿ ವಕೀಲ:

ಮಾಸ್ತರ, ಕಾನೂನಿನ ಮಾತು ನಾ ಹೇಳ್ತೀನ್ರಿ. ಒರೆಗಾನ್‌ನಂಥಾ ನೇರ ಕಾನೂನು ನಮ್ಮಲ್ಲಿ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಾಗ ರಿಪೇರಿ ಹಕ್ಕಿನ ಸಮಿತಿ ಮಾಡಿ, ಅದೇ ಡಿಸೆಂಬರ್‌ನಾಗ ಒಂದು ಪೋರ್ಟಲ್ ತೆರೀತು. 2024ರಾಗ ರಿಪೇರಿ ಸೂಚ್ಯಂಕಕ್ಕ, ಅಂದ್ರ ಯಾವ ವಸ್ತು ರಿಪೇರಿಗೆ ಎಷ್ಟು ಸುಲಭ ಅಂತ ಅಂಕ ಕೊಡೋದಕ್ಕ, ಇನ್ನೊಂದು ಸಮಿತಿ ಮಾಡಿದ್ರು, ಅದು ಮೊದಲ ಹಂತದಾಗ ಮೊಬೈಲು, ಟ್ಯಾಬ್ಲೆಟ್ಟಿಗೆ. ಒತ್ತಾಯ ಮಾಡೋ ಹಲ್ಲು ಇವುಕ್ಕಿನ್ನೂ ಬಂದಿಲ್ಲ.

ಆದ್ರ ಕೈ ಖಾಲಿ ಇಲ್ರಿ. 2014ರ ಆಗಸ್ಟ್ 25ಕ್ಕ, ಕಂಪನಿಗಳ ಪೈಪೋಟಿ ನ್ಯಾಯವಾಗಿ ನಡೀತೈತೋ ಇಲ್ಲೋ ನೋಡೋ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು. ಬಿಡಿಭಾಗ ಮತ್ತು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿನವರಿಗೆ ಸಿಗದಂಗ ಮಾಡ್ಯಾರ ಅಂತ. ಮೇಲ್ಮನವಿ ಆಮೇಲೆ ನಡದ್ವು. ಆದ್ರ ಕಾರು ಕೊಂಡವನನ್ನ ಬಿಡಿಭಾಗಕ್ಕ ಕಟ್ಟಿಹಾಕೋದು ತಪ್ಪು ಅನ್ನೋ ತರ್ಕ ಆಗಲೇ ಬಂದೈತಿ. ಕಾರಿಗೆ ಬಂದಿದ್ದು ಲ್ಯಾಪ್‌ಟಾಪಿಗೆ ಬರಲಾರದೇನು?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾಗ ಸ್ಪರ್ಧಾತ್ಮಕ ಬೆಲೆಗೆ ಬೇರೆ ಬೇರೆ ವಸ್ತು ಸಿಗೋದು ಗ್ರಾಹಕನ ಹಕ್ಕು ಅಂತ ಬರದಾರ. ನಿಮ್ಮದರಾಗ ಇನ್ನೊಂದು ಗಟ್ಟಿ ಅಂಶ ಐತ್ರಿ, ಅದನ್ನ ಬಿಡಬ್ಯಾಡ್ರಿ. ಕೊಂಡಾಗ ಈ ಬೀಗ ಇರಲಿಲ್ಲ. ಹತ್ತು ತಿಂಗಳು ನಡೆದ ಬ್ಯಾಟರಿಯನ್ನ ನಿಮ್ಮ ಒಪ್ಪಿಗೆ ಕೇಳದ ನಿಲ್ಲಿಸ್ಯಾರ, ತಮ್ಮ ಹತ್ರ ಬದಲಿ ಬ್ಯಾಟರಿನೂ ಇಲ್ಲ ಅಂತಾರ. ಪರದೆ ಫೋಟೋ, ಎರಡೂ ಬಿಲ್ಲು, ಬಿಐಎಸ್ ಆ್ಯಪಿನ ಫೋಟೋ, ಅಪ್‌ಡೇಟ್ ಆದ ದಿನಾಂಕ ಎಲ್ಲಾ ಒಂದು ಕಡೆ ಇಟ್ಕೊಳ್ರಿ. ಮೊದಲು ಕಂಪನಿಗೆ ಬರೀರಿ: ಒಂದೋ ಬ್ಯಾಟರಿ ಕೊಡ್ರಿ, ಇಲ್ಲಾ ಹಳೇ ಬಯೋಸ್ ಕೊಡ್ರಿ. ಉತ್ತರ ಬರಲಿಲ್ಲಂದ್ರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಹಚ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ರ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಇಲ್ಲ. ಎರಡು ವರ್ಷದೊಳಗ ಹಾಕಬೇಕು. ಕರಡು ಬೇಕಂದ್ರ ಹೇಳ್ರಿ, ದುಡ್ಡು ಬ್ಯಾಡ.

ಮಳೆಗಾಲದ ಮೇಷ್ಟ್ರು:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎರಡನೇ ಶನಿವಾರ ರಜೆ ನೋಡಿಕೊಂಡು ತಾಳಗುಪ್ಪದಿಂದ ಬರುವ ರೈಲಿನಲ್ಲಿ ಬೆಂಗಳೂರಿಗೆ ಹೋಗಿದ್ದೆ. ಬೆಂಚಿನವರ ಅಂಗಡಿ ಮಹಡಿ ಮೆಟ್ಟಿಲ ಕೆಳಗೆ, ಇಬ್ಬರು ಕೂತರೆ ಮೂರನೆಯವರು ನಿಲ್ಲಬೇಕು. ಪ್ಯಾಕ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ಬೋರ್ಡಿಗೆ ಹೊರಗಿನಿಂದ ವೋಲ್ಟೇಜ್ ಕೊಟ್ಟುಕೊಂಡು ಒಂದೊಂದೇ ಜೋಡಿ ಬಿಡಿಸಿದರು. ಆರು ಸೆಲ್ಲನ್ನೂ ಮೀಟರಿಗೆ ಹಿಡಿದು ಬರೆದಿಟ್ಟರು. ಎರಡು ಗಂಟೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಚಾರ್ಜಿಂಗ್ ದೀಪ ಹತ್ತಿತು. ಸೆಲ್ಲು ಮತ್ತು ಕೂಲಿ ಸೇರಿ 3,300 ರೂಪಾಯಿ.

ಈಗ ಮೂರು ಗಂಟೆ ಐವತ್ತು ನಿಮಿಷ ಬರುತ್ತಿದೆ. ಲ್ಯಾಪ್‌ಟಾಪ್ ಇದನ್ನು ಅಸಲಿ ಎಂದೇ ನಂಬಿದೆ. ಒಳಗಿರುವ ಆರು ಸೆಲ್ಲಿನಲ್ಲಿ ಒಂದನ್ನೂ ಕಂಪನಿ ಕಂಡಿಲ್ಲ. ಬಿಐಎಸ್ ನೋಂದಣಿ ಇರುವ, ಹತ್ತು ತಿಂಗಳಷ್ಟೇ ಬಳಸಿದ ಪ್ಯಾಕು ಕಪಾಟಿನಲ್ಲಿ ಕೂತಿದೆ.

ಹುಬ್ಬಳ್ಳಿಯವರು ಕಳಿಸಿದ ಕರಡಿನಲ್ಲಿ ನನ್ನ ಮಾತು ಎರಡು ಸೇರಿಸಿ ಕಂಪನಿಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ಪರಿಹಾರದ ಹಣ ಕೇಳಿಲ್ಲ. ಅಪ್‌ಡೇಟ್ ಆಗುವ ಹಿಂದಿನ ದಿನ ನನ್ನ ಯಂತ್ರ ಹೇಗಿತ್ತೋ ಹಾಗೆ ಮಾಡಿಕೊಡಿ ಎಂದು ಮಾತ್ರ ಕೇಳಿದ್ದೇನೆ. ಮೂವತ್ತು ದಿನ ಕೊಟ್ಟಿದ್ದೇನೆ, ಆಮೇಲೆ ಶಿವಮೊಗ್ಗದ ಆಯೋಗಕ್ಕೆ ನಾನೇ ಹೋಗಿ ನಿಲ್ಲುತ್ತೇನೆ.

ಬಿಚ್ಚಿ ತೆಗೆದ ಹಳೆಯ ಆರು ಸೆಲ್ಲನ್ನು ಮಕ್ಕಳಿಗೆ ತೋರಿಸೋಣ ಎಂದು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದೆ. ತೋರಿಸಿ ಆಯಿತು. ಇನ್ನು ಇವನ್ನು ಎಲ್ಲಿ ಕೊಡಬೇಕು? ನಮ್ಮ ಪಂಚಾಯಿತಿಯ ಕಸದ ಗಾಡಿಗೆ ಹಾಕಲು ಮನಸ್ಸು ಬರುತ್ತಿಲ್ಲ.

ಎಸ್‌ಪಿ ರೋಡ್ ಬೆಂಚು:

ಗಾಡಿಗೆ ಹಾಕಲೇಬೇಡಿ ಮೇಷ್ಟ್ರೇ, ಕಸ ಒತ್ತುವಾಗ ಹೊತ್ಕೊಳುತ್ತೆ. ಎರಡೂ ತುದಿಗೆ ಟೇಪ್ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಪ್ಲಾಸ್ಟಿಕ್ ಡಬ್ಬೀಲಿ ಇಡಿ. ಒಲೆ, ಬಿಸಿಲು ಹತ್ರ ಬೇಡ. 2022ರ ಬ್ಯಾಟ್ರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನ ವಾಪಸ್ ತಗೊಂಡು ಮರುಬಳಕೆಗೆ ಕಳಿಸೋ ಹೊಣೆ ಬ್ಯಾಟ್ರಿ ಮಾರುಕಟ್ಟೆಗೆ ತಂದ ಕಂಪನೀದೇ. ಶಿವಮೊಗ್ಗಕ್ಕೆ ಹೋದಾಗ ಅದೇ ಸರ್ವಿಸ್ ಸೆಂಟರಿಗೆ ಕೊಟ್ಟು ರಸೀದಿ ಕೇಳಿ. ತಗೊಳ್ಳಲಿಲ್ಲ ಅಂದ್ರೆ ಮುಂದಿನ ಸಲ ಈ ಕಡೆ ಬಂದಾಗ ತನ್ನಿ, ನಮ್ಮಲ್ಲಿ ತಿಂಗಳಿಗೊಮ್ಮೆ ರೀಸೈಕಲ್‌ನವರು ಬಂದು ತೂಕ ಹಾಕಿ ಒಯ್ತಾರೆ.